ಕಲಿತ ಮಾತು ಮರೆಯುವುದೇಕೆ?

ಮದ್ಯಪಾನವು ಸಂಪೂರ್ಣವಾಗಿ ನಿಷೇಧಿಸಲ್ಪಡುವ ಮುನ್ನ ಅವತೀರ್ಣಗೊಂಡ ಒಂದು ಆದೇಶವು ಸೂರಃ ಅನ್ನಿಸಾದ 43ನೆಯ ವಚನದಲ್ಲಿದೆ. ಅಮಲೇರಿದ ಸ್ಥಿತಿಯಲ್ಲಿ ನಮಾಝ್‌ನ ಬಳಿ ಸುಳಿಯಬಾರದೆಂದು ಸತ್ಯವಿಶ್ವಾಸಿಗಳಿಗೆ ಅಲ್ಲಿ ತಿಳಿಸಲಾಗಿದೆ. ಎಲ್ಲಿಯ ತನಕ? ತಾವು ಆಡುತ್ತಿರುವ ಮಾತು ಏನೆಂದು ತಮಗೆ ತಿಳಿಯುವ ತನಕ. ಅನಂತರ ಮದ್ಯವೇ ಹರಾಮ್ ಆಯಿತು. ನಮ್ಮ ಮಸೀದಿಗಳಲ್ಲಿ ಕುಡಿದು ಬಂದು ಸಫ್‌ನಲ್ಲಿ ನಿಲ್ಲುವವರಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಆದೇಶಕ್ಕೆ ಕೊಡಲಾದ ಕಾರಣವು ಕುಡಿಯದವರನ್ನೂ ಸುಮ್ಮನೆ ಬಿಡುವುದಿಲ್ಲ. ಪೂರ್ಣ ಎಚ್ಚರದಲ್ಲಿದ್ದೂ ತಾನೇನು ಹೇಳುತ್ತಿದ್ದೇನೆಂದು ತಿಳಿಯದೆ ನಿಂತವನ ಸ್ಥಿತಿ ಯಾವುದು?

ಒಂದು ಲೆಕ್ಕ ಹಾಕೋಣ. ದಿನದ ಐದು ಹೊತ್ತಿನ ಫರ್ಝ್ ನಮಾಝ್‌ಗಳಲ್ಲಿ 17 ರಕಅತ್‌ಗಳಿವೆ. ಮನೆಯಲ್ಲಿ ನಮಾಝ್ ನಿರ್ವಹಿಸುವ ಓರ್ವ ತಾಯಿ ಪ್ರತಿ ರಕಅತ್‌ನಲ್ಲೂ ಸೂರಃ ಅಲ್ ಫಾತಿಹಾ ಓದುತ್ತಾಳೆ. ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಸಲ. ಮೂವತ್ತು ವರ್ಷಗಳಲ್ಲಿ, ಅವಳಿಗೆ ವಿನಾಯಿತಿಯಿರುವ ದಿನಗಳನ್ನು ಕಳೆದರೂ, ಲಕ್ಷ ದಾಟುತ್ತದೆ. ಸುನ್ನತ್, ನಫಿಲ್‌ಗಳ ಲೆಕ್ಕ ಬೇರೆ. ಲಕ್ಷ ಸಲ ಓದಿದ ಈ ಏಳು ವಚನಗಳಲ್ಲಿ ಅವಳು ತನ್ನ ಪ್ರಭುವಿನಿಂದ ಏನನ್ನು ಬೇಡಿದಳು ಎಂದು ಕೇಳಿದರೆ, ಯಾದಗಿರಿ, ಶಹಾಪುರ, ಸುರಪುರಗಳ ಎಷ್ಟು ಮನೆಗಳಲ್ಲಿ ಉತ್ತರ ಸಿಕ್ಕೀತು? ದೋಷ ಆ ತಾಯಿಯದಲ್ಲ. ಅವಳಿಗೆ ಯಾರೂ ಹೇಳಿಕೊಡಲಿಲ್ಲ.

ಫಾತಿಹಾವಾದರೂ ನಾಲಗೆಯಲ್ಲಿ ಉಳಿಯುತ್ತದೆ, ಏಕೆಂದರೆ ದಿನವೂ ಓದುತ್ತೇವೆ. ದಿನವೂ ಓದದಿರುವುದರ ಗತಿಯೇನು? ಜನಾಝಾದ ದುಆವನ್ನೇ ತೆಗೆದುಕೊಳ್ಳಿ. ಮಕ್ತಬ್‌ನಲ್ಲಿ ಹತ್ತನೆಯ ವಯಸ್ಸಿನಲ್ಲಿ ಅದನ್ನು ಒಂದಕ್ಷರ ತಪ್ಪದೆ ಒಪ್ಪಿಸಿ ಶಹಬ್ಬಾಸ್ ಪಡೆದ ಹುಡುಗ ಇಪ್ಪತ್ತೈದನೆಯ ವಯಸ್ಸಿನಲ್ಲಿ ತನ್ನ ತಂದೆಯ ಮಯ್ಯತ್‌ನ ಎದುರು ನಿಂತಿರುತ್ತಾನೆ. ಮೂರನೆಯ ತಕ್ಬೀರ್ ಆಗುತ್ತದೆ. ತುಟಿ ಅಲುಗುವುದಿಲ್ಲ. ತಂದೆಗಾಗಿ ಮಗನು ಮಾಡಬಹುದಾದ ಆ ಹೊತ್ತಿನ ಒಂದೇ ಸೇವೆ ಅವನಿಂದ ಆಗುವುದಿಲ್ಲ. ದಫನ್ ಮುಗಿಸಿ ಬಂದವರಲ್ಲಿ ಇಂಥ ಯುವಕರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಕಲಿತ ಮಾತು ಎಲ್ಲಿಗೆ ಹೋಯಿತು?

ಹೆಚ್ಚು ಸಲ ಕಂಡದ್ದು, ಹೆಚ್ಚು ಸಲ ಆಡಿದ್ದು ತಾನಾಗಿ ನೆನಪಿನಲ್ಲಿ ಉಳಿಯುತ್ತದೆಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆಯನ್ನು ಕೂತಲ್ಲಿಯೇ ಪರೀಕ್ಷಿಸಬಹುದು. 2017ರಿಂದ ಚಲಾವಣೆಯಲ್ಲಿರುವ ಐವತ್ತು ರೂಪಾಯಿಯ ಹೊಸ ನೋಟನ್ನು ಜೇಬಿನಿಂದ ತೆಗೆಯದೆ ಹೇಳಿರಿ: ಅದರ ಹಿಂಬದಿಯಲ್ಲಿ ಯಾವ ಚಿತ್ರವಿದೆ? ಭಾಷೆಗಳ ಪಟ್ಟಿಯಲ್ಲಿ ಕನ್ನಡ ಎಷ್ಟನೆಯ ಸಾಲು, ಉರ್ದು ಎಷ್ಟನೆಯದು? ಚಿತ್ರ ನಮ್ಮ ಹಂಪಿಯ ಕಲ್ಲಿನ ರಥದ್ದು. ಕನ್ನಡ ನಾಲ್ಕನೆಯದು, ಉರ್ದು ಕೊನೆಯದು. ಸಾವಿರಾರು ಸಲ ಕೈಯಲ್ಲಿ ಹಿಡಿದ ಕಾಗದವದು. 1979ರಲ್ಲಿ ಅಮೆರಿಕದ ನಿಕರ್ಸನ್ ಮತ್ತು ಆ್ಯಡಮ್ಸ್ ಎಂಬ ಸಂಶೋಧಕರು ಅಲ್ಲಿನ ಜನರಿಗೆ ತಮ್ಮ ಪೆನ್ನಿ ನಾಣ್ಯದ ಚಿತ್ರ ಬರೆಯಲು ಹೇಳಿದಾಗಲೂ ಹೆಚ್ಚಿನವರು ತಪ್ಪಿದರು. ನೋಟನ್ನು ನಾವು ಎಣಿಸುತ್ತೇವೆ, ಕೊಡುತ್ತೇವೆ, ಪಡೆಯುತ್ತೇವೆ. ಅದರಲ್ಲಿ ಏನಿದೆ ಎಂದು ಮನಸ್ಸು ಒಮ್ಮೆಯೂ ವಿಚಾರಿಸಿರುವುದಿಲ್ಲ.

ಮನಸ್ಸು ವಿಚಾರಿಸಿದಾಗ ಏನಾಗುತ್ತದೆ ಎಂಬುದನ್ನು ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಫರ್ಗಸ್ ಕ್ರೇಕ್ ಮತ್ತು ರಾಬರ್ಟ್ ಲಾಕ್‌ಹಾರ್ಟ್ 1972ರಲ್ಲಿ ಒಂದು ಪ್ರಬಂಧದಲ್ಲಿ ಮಂಡಿಸಿದರು. 1975ರಲ್ಲಿ ಕ್ರೇಕ್ ಅವರು ಎಂಡೆಲ್ ಟುಲ್ವಿಂಗ್ ಜತೆ ಸೇರಿ ಅದನ್ನು ಸರಣಿ ಪ್ರಯೋಗಗಳ ಮೂಲಕ ಪರೀಕ್ಷಿಸಿದರು. ಅವರ ಪ್ರಯೋಗ ಇಂಗ್ಲಿಷಿನದು. ನಮ್ಮ ಮಣ್ಣಿನ ಒಂದು ಪದದಿಂದ ಅದನ್ನು ತಿಳಿಯೋಣ. ‘ಹತ್ತಿ’ ಎಂಬ ಪದವನ್ನು ಕ್ಷಣಕಾಲ ತೋರಿಸುವುದು. ಒಬ್ಬನಿಗೆ, ಈ ಪದದಲ್ಲಿ ಒತ್ತಕ್ಷರ ಇದೆಯೇ ಎಂದು ಕೇಳುವುದು. ಇನ್ನೊಬ್ಬನಿಗೆ, ಇದು ‘ಬುತ್ತಿ’ಗೆ ಪ್ರಾಸವಾಗುತ್ತದೆಯೇ ಎಂದು ಕೇಳುವುದು. ಮೂರನೆಯವನಿಗೆ, ಶಹಾಪುರದ ರೈತ ಮೊದಲ ಮಳೆಗೆ ಬಿತ್ತಿದನು ಎಂಬ ವಾಕ್ಯದಲ್ಲಿ ಈ ಪದ ಕೂಡುತ್ತದೆಯೇ ಎಂದು ಕೇಳುವುದು. ಮೂವರೂ ಹೌದು ಎನ್ನುತ್ತಾರೆ. ಮೂವರೂ ಒಂದೇ ಪದವನ್ನು ಕಂಡಿದ್ದಾರೆ. ಹೀಗೆ ಹತ್ತಾರು ಪದಗಳು ಮುಗಿದ ಮೇಲೆ, ಮುಂಚಿತವಾಗಿ ತಿಳಿಸದೆ, ಯಾವ ಪದಗಳನ್ನು ನೋಡಿದಿರಿ ಎಂದು ಪರೀಕ್ಷೆ ಕೊಡುವುದು. ಅಕ್ಷರದ ಆಕಾರವನ್ನಷ್ಟೆ ನೋಡಿದವನಿಗೆ ಬಹಳ ಕಡಿಮೆ ನೆನಪಿತ್ತು. ಪ್ರಾಸ ನೋಡಿದವನಿಗೆ ಅದಕ್ಕಿಂತ ಹೆಚ್ಚು. ಅರ್ಥವನ್ನು ಯೋಚಿಸಿದವನಿಗೆ ಎಲ್ಲರಿಗಿಂತ ಹೆಚ್ಚು, ಆಕಾರ ನೋಡಿದವನಿಗಿಂತ ಹಲವು ಪಟ್ಟು ಹೆಚ್ಚು. ಮನಸ್ಸು ಪದದ ಮೇಲ್ಮೈಯನ್ನು ಸವರಿ ಹೋಯಿತೋ ಅಥವಾ ಒಳಗಿಳಿಯಿತೋ ಎಂಬುದರ ಮೇಲೆ ನೆನಪು ನಿಂತಿತ್ತು.

ಹೆತ್ತವರು ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ‘ಮನಸ್ಸಿಟ್ಟು ಓದು, ನೆನಪಿಟ್ಟುಕೋ’ ಎಂದು ನಾವು ಮಕ್ಕಳನ್ನು ಗದರಿಸುತ್ತಿರುತ್ತೇವಲ್ಲ, 1969ರಲ್ಲಿ ಹೈಡ್ ಮತ್ತು ಜೆಂಕಿನ್ಸ್ ಎಂಬವರು ನಡೆಸಿದ ಪ್ರಯೋಗದಲ್ಲಿ, ನೆನಪಿಡಬೇಕೆಂದು ಯಾರೂ ಹೇಳದಿದ್ದರೂ ಪದಗಳ ಅರ್ಥವನ್ನು ಯೋಚಿಸುವ ಕೆಲಸ ಪಡೆದಿದ್ದವರು, ನೆನಪಿಡಿರೆಂದು ಹೇಳಿಸಿಕೊಂಡವರಷ್ಟೇ ನೆನಪಿಟ್ಟುಕೊಂಡಿದ್ದರು. ಗದರಿಕೆಗಿಂತ ಒಂದು ಒಳ್ಳೆಯ ಪ್ರಶ್ನೆ ಮೇಲು. ಎರಡನೆಯದಾಗಿ, 1973ರಲ್ಲಿ ಕ್ರೇಕ್ ಮತ್ತು ವಾಟ್ಕಿನ್ಸ್, ಒಂದು ಪದವನ್ನು ಸುಮ್ಮನೆ ಮನಸ್ಸಿನಲ್ಲಿ ಎಷ್ಟು ಹೊತ್ತು ಹಿಡಿದಿಟ್ಟುಕೊಂಡರೂ ಅದರಿಂದ ಮಾತ್ರ ಅನಂತರದ ನೆನಪು ಹೆಚ್ಚುವುದಿಲ್ಲವೆಂದು ತೋರಿಸಿದರು. ಉರು ಹೊಡೆಯುವುದರಲ್ಲಿ ಹೊಡೆತವಿದೆ, ಉರು ಅಷ್ಟಕ್ಕಷ್ಟೆ.

ಇಲ್ಲಿ ಒಂದು ಮಾತು. ಎಲ್ಲಿ ಯಾವ ವಿಜ್ಞಾನಿ ಏನು ಹೇಳಿದರೂ ಅದು ಕುರ್‌ಆನ್‌ನಲ್ಲಿ ಮೊದಲೇ ಇತ್ತೆಂದು ಸಾರುವವರ ಸಾಲಿಗೆ ಸೇರಲು ನನಗಿಷ್ಟವಿಲ್ಲ. ಈ ಸಂಶೋಧಕರು ತಮ್ಮ ಪ್ರಯೋಗಾಲಯದಲ್ಲಿ ಇಂಗ್ಲಿಷ್ ಪದಗಳನ್ನು ಪರೀಕ್ಷಿಸುತ್ತಿದ್ದರು. ‘ಆಳ’ವನ್ನು ಅಳೆಯುವ ಕೋಲು ಎಲ್ಲಿದೆ ಎಂದು ಇತರ ವಿದ್ವಾಂಸರು ಅವರನ್ನು ಟೀಕಿಸಿದ್ದೂ ಉಂಟು. ಅಲ್ಲಾಹನ ಗ್ರಂಥಕ್ಕೆ ಪ್ರಯೋಗಾಲಯದ ಪ್ರಮಾಣಪತ್ರ ಬೇಕಾಗಿಲ್ಲ. ಆದರೆ ಕಲಿಸುವ ಕೆಲಸದಲ್ಲಿರುವವನು ಕಲಿಕೆ ಹೇಗೆ ನಡೆಯುತ್ತದೆಂಬುದನ್ನು ಎಲ್ಲಿಂದಲಾದರೂ ತಿಳಿಯಬೇಕು. ತಿಳಿದ ಮೇಲೆ ನಮ್ಮ ಹಿರಿಯರು ಹೇಗೆ ಕಲಿತರೆಂದು ತಿರುಗಿ ನೋಡಿದರೆ ಕಣ್ಣು ತೆರೆಯುತ್ತದೆ.

ತಾಬಿಈಗಳಲ್ಲಿ ಒಬ್ಬರಾದ ಅಬೂ ಅಬ್ದುರ್ರಹ್ಮಾನ್ ಅಸ್ಸುಲಮೀ ಅವರು ವರದಿ ಮಾಡಿರುವಂತೆ, ಅವರಿಗೆ ಕುರ್‌ಆನ್ ಕಲಿಸಿದ ಸಹಾಬಿಗಳು ಪ್ರವಾದಿವರ್ಯರಿಂದ(ಸ) ಹತ್ತು ವಚನಗಳನ್ನು ಕಲಿತರೆ, ಅವುಗಳಲ್ಲಿರುವ ಜ್ಞಾನವನ್ನೂ ಕರ್ಮವನ್ನೂ ಅರಿಯದೆ ಮುಂದಿನ ಹತ್ತಕ್ಕೆ ಹೋಗುತ್ತಿರಲಿಲ್ಲ. ಹ. ಅಬ್ದುಲ್ಲಾ ಬಿನ್ ಉಮರ್(ರ) ಸೂರಃ ಅಲ್ ಬಕರಾವನ್ನು ಕಲಿಯಲು ಎಂಟು ವರ್ಷ ತೆಗೆದುಕೊಂಡರೆಂದು ಇಮಾಮ್ ಮಾಲಿಕ್‌ರ(ರಹ್) ಮುವತ್ತಾದಲ್ಲಿದೆ. ಅರಬಿ ಅವರ ಮಾತೃಭಾಷೆ. ಆ ಸಮಾಜದ ನೆನಪಿನ ಶಕ್ತಿಯೋ ಹೆಸರಾದದ್ದು. ಬರೀ ಬಾಯಿಪಾಠಕ್ಕೆ ಅವರಿಗೆ ಎಂಟು ವರ್ಷ ಬೇಕಿತ್ತೇ? ಹ. ಆಯಿಶಾ(ರ) ಅವರು ತಮಗೆ ಅರ್ಥವಾಗದ ಯಾವುದೇ ಮಾತು ಕಿವಿಗೆ ಬಿದ್ದರೂ ಅರ್ಥವಾಗುವ ತನಕ ಮರಳಿ ಕೇಳುತ್ತಿದ್ದರೆಂದು ಬುಖಾರಿಯಲ್ಲಿದೆ. ಸಾವಿರಾರು ಹದೀಸ್‌ಗಳು ಅವರಿಂದ ನಮಗೆ ತಲುಪಿರುವುದನ್ನು ಈ ಸ್ವಭಾವದ ಪಕ್ಕದಲ್ಲಿಟ್ಟು ನೋಡಿರಿ. ನಮ್ಮ ಮನೆಗಳಲ್ಲಿ ಹೆಣ್ಣು ಮಗು ಎರಡನೆಯ ಸಲ ‘ಯಾಕೆ?’ ಎಂದು ಕೇಳಿದರೆ ನಾವೇನು ಹೇಳುತ್ತೇವೆ?

ಪ್ರವಾದಿವರ್ಯರ(ಸ) ಬೋಧನಾ ಕ್ರಮವನ್ನೂ ನೋಡಬೇಕು. ಒಮ್ಮೆ ಅವರು ಸಹಾಬಿಗಳ ನಡುವೆ ಒಂದು ಒಗಟು ಮುಂದಿಟ್ಟರು: ಎಲೆ ಉದುರದ ಒಂದು ಮರವಿದೆ, ಅದು ಮುಸ್ಲಿಮನಂತಿದೆ, ಯಾವುದದು? ಜನರ ಯೋಚನೆ ಕಾಡಿನ ಮರಗಳತ್ತ ಓಡಿತು. ಹ. ಇಬ್ನು ಉಮರ್(ರ) ಆಗ ಚಿಕ್ಕವರು. ಖರ್ಜೂರದ ಮರವೆಂದು ಅವರ ಮನಸ್ಸಿಗೆ ಹೊಳೆದರೂ ಹಿರಿಯರ ಎದುರು ಸಂಕೋಚದಿಂದ ಸುಮ್ಮನಿದ್ದರು. ಕೊನೆಗೆ ಪ್ರವಾದಿವರ್ಯರೇ(ಸ) ಉತ್ತರ ಹೇಳಿದರು. ಮುಸ್ಲಿಮನು ಖರ್ಜೂರದ ಮರದಂತೆ ಎಂದು ನೇರವಾಗಿ ಹೇಳಿಬಿಡಬಹುದಿತ್ತು. ಕೇಳುಗರು ತಲೆದೂಗಿ ಎದ್ದು ಹೋಗುತ್ತಿದ್ದರು. ತಾನೇ ಹುಡುಕಿದ ಉತ್ತರ, ತಡಕಾಡಿ ತಪ್ಪಿದ ಉತ್ತರ ಕೂಡ, ಮನಸ್ಸಿನಲ್ಲಿ ಬೇರುಬಿಡುತ್ತದೆ. ಆ ಹುಡುಗ ದೊಡ್ಡವರಾಗಿ ಉತ್ತರವನ್ನು ಮಾತ್ರವಲ್ಲ, ಅಂದು ತಮ್ಮ ಮನಸ್ಸಿನಲ್ಲಿ ನಡೆದುದನ್ನೂ ಸೇರಿಸಿ ನಮಗೆ ಹೇಳಿದ್ದಾರೆ.

1977ರಲ್ಲಿ ರೋಜರ್ಸ್ ಮತ್ತು ಅವರ ಸಂಗಡಿಗರು ಅರ್ಥಕ್ಕಿಂತಲೂ ಆಳವಾದ ಒಂದು ಪ್ರಶ್ನೆಯನ್ನು ಕಂಡುಕೊಂಡರು. ಗುಣವಾಚಕ ಪದವೊಂದನ್ನು ತೋರಿಸಿ ‘ಇದು ನಿನಗೆ ಅನ್ವಯಿಸುತ್ತದೆಯೇ?’ ಎಂದು ಕೇಳಿದಾಗ ಆ ಪದ ಎಲ್ಲಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯಿತು. ಹಿಜರಿ 505ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿ(ರಹ್) ತಮ್ಮ ‘ಇಹ್ಯಾ ಉಲೂಮಿದ್ದೀನ್’ನಲ್ಲಿ ಕುರ್‌ಆನ್ ಪಾರಾಯಣದ ಆಂತರಿಕ ಶಿಷ್ಟಾಚಾರಗಳನ್ನು ವಿವರಿಸುವಾಗ ‘ತಖ್ಸೀಸ್’ ಎಂಬುದನ್ನು ಸೇರಿಸಿದ್ದಾರೆ. ಕುರ್‌ಆನ್‌ನ ಪ್ರತಿಯೊಂದು ಸಂಬೋಧನೆಯೂ ತನ್ನನ್ನೇ ಉದ್ದೇಶಿಸಿದೆಯೆಂದು ಓದುಗನು ಭಾವಿಸಬೇಕು ಎಂಬುದು ಅದರ ತಾತ್ಪರ್ಯ. ತೂಕದಲ್ಲಿ ವಂಚಿಸುವವರ ಕುರಿತಾದ ಸೂರಃ ಅಲ್ ಮುತಫ್ಫಿಫೀನ್ ಓದುವ ಅಂಗಡಿಯವನು ತನ್ನ ತಕ್ಕಡಿಯತ್ತ ಕಣ್ಣು ಹೊರಳಿಸಿದನೆಂದರೆ, ಆ ಸೂರಃ ಅವನಿಗೆ ಇನ್ನು ಮರೆಯಲಾರದು. ಅದನ್ನು ಮದ್‌ಯನಿನ ಜನರ ಕಥೆಯೊಂದಿಗೆ ಸೇರಿಸಿ ಬೇರೆ ಯಾರದೋ ತಪ್ಪೆಂದು ಓದಿದರೆ, ಓದಿದ ಪುಣ್ಯ ಸಿಗಬಹುದು, ತಕ್ಕಡಿ ಹಾಗೆಯೇ ಇರುತ್ತದೆ.

ಈಗ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಅರ್ಥವೇ ನೆನಪಿನ ಮೂಲವಾದರೆ ನಮ್ಮ ಹಾಫಿಝ್‌ಗಳ ವಿಷಯವೇನು? ಅರಬಿ ಅರಿಯದ ಹನ್ನೆರಡು ವರ್ಷದ ಬಾಲಕ ಆರು ಸಾವಿರಕ್ಕೂ ಮಿಕ್ಕಿದ ವಚನಗಳನ್ನು ಎದೆಯಲ್ಲಿಟ್ಟುಕೊಂಡಿರುವುದು ನಮ್ಮ ಕಣ್ಣೆದುರಿಗಿದೆ. ಇದು ಗೌರವದ ಪ್ರಶ್ನೆ, ಉತ್ತರವೂ ಗೌರವದಿಂದಲೇ ಬರಬೇಕು. ಮೊದಲನೆಯದಾಗಿ, ಅಕ್ಷರವೊಂದಕ್ಕೆ ಹತ್ತು ಪುಣ್ಯವೆಂದು ತಿರ್ಮಿದಿಯಲ್ಲಿರುವ ಹದೀಸ್ ಅರ್ಥ ತಿಳಿದವನಿಗೆ ಮಾತ್ರ ಎಂದು ಹೇಳುವುದಿಲ್ಲ. ಶಬ್ದದ ರಕ್ಷಣೆಯೂ ದೀನ್‌ನ ಕೆಲಸವೇ. ಎರಡನೆಯದಾಗಿ, ಮಾರಿಸ್, ಬ್ರಾನ್ಸ್‌ಫರ್ಡ್ ಮತ್ತು ಫ್ರಾಂಕ್ಸ್ 1977ರಲ್ಲೇ ತೋರಿಸಿದಂತೆ, ಪರೀಕ್ಷೆ ಪ್ರಾಸದ್ದಾದರೆ ಪ್ರಾಸವನ್ನು ಗಮನಿಸಿ ಕಲಿತವನೇ ಗೆಲ್ಲುತ್ತಾನೆ, ಅರ್ಥದವನಲ್ಲ. ಹೇಗೆ ಕಲಿತೆವೋ ಹಾಗೆ ಕೇಳಿದಾಗ ನೆನಪು ಬಾಗಿಲು ತೆರೆಯುತ್ತದೆ. ತಜ್ವೀದ್‌ನಲ್ಲಿ ಹುಡುಗನ ಮನಸ್ಸು ಪ್ರತಿ ಅಕ್ಷರದ ಸ್ಥಾನ, ದೀರ್ಘ, ನಿಲುಗಡೆಗಳ ಮೇಲೆ ಕೆಲಸ ಮಾಡುತ್ತದೆ. ಅದು ಬರೀ ನೋಟ ಹಾಯಿಸುವುದಲ್ಲ. ಜತೆಗೆ ಸಬಕ್, ಸಬ್ಕಿ, ಮಂಝಿಲ್ ಎಂಬ ಮೂರು ಹಂತಗಳಲ್ಲಿ ಇಂದಿನ ಪಾಠ, ಈಚಿನ ಪಾಠ, ಹಳೆಯ ಪಾಠಗಳನ್ನು ಪ್ರತಿದಿನ ಪುಸ್ತಕ ನೋಡದೆ ಒಪ್ಪಿಸುವ ಕಟ್ಟುನಿಟ್ಟಿದೆ. ನೋಡದೆ ಒಪ್ಪಿಸುವುದೇ ಒಂದು ದೊಡ್ಡ ಸಾಧನ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ನೋಡದೆ ನೆನಪಿಸಿಕೊಂಡು ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತೆಂದು ಕಂಡರು. ಕಟ್ಟಿಹಾಕಿದ ಒಂಟೆಗಳ ಉಪಮೆ ನಿಮಗೆ ಗೊತ್ತೇ ಇದೆ: ಕುರ್‌ಆನ್ ಬಲ್ಲವನು ಒಂಟೆಗಳ ಒಡೆಯನಂತೆ, ಕಟ್ಟಿನ ಮೇಲೆ ನಿಗಾ ಇಟ್ಟರೆ ಉಳಿಯುತ್ತವೆ, ಬಿಟ್ಟರೆ ಓಡುತ್ತವೆ.

ಆದರೆ ಹಾಫಿಝ್‌ಗಳನ್ನೇ ಕೇಳಿ ನೋಡಿರಿ, ತರಾವೀಹ್‌ನಲ್ಲಿ ಎಲ್ಲಿ ಎಡವುತ್ತಾರೆಂದು. ಮುತಶಾಬಿಹ್, ಅಂದರೆ ಒಂದನ್ನೊಂದು ಹೋಲುವ ವಚನಗಳಲ್ಲಿ. ಇಸ್ರಾಈಲ್ ಸಂತತಿಯವರಿಗೆ ಊರನ್ನು ಪ್ರವೇಶಿಸಲು ಹೇಳಿದ ಪ್ರಸಂಗ ಅಲ್ ಬಕರಾದಲ್ಲೂ ಅಲ್ ಅಅ್‌ರಾಫ್‌ನಲ್ಲೂ ಬರುತ್ತದೆ. ಒಂದು ಕಡೆ ‘ಪ್ರವೇಶಿಸಿ’ ಎಂಬ ಪದ, ಇನ್ನೊಂದು ಕಡೆ ‘ವಾಸಿಸಿ’ ಎಂಬ ಪದ. ಶಬ್ದದ ದಾರಿಯಲ್ಲಷ್ಟೆ ನಡೆಯುವವನು ಆ ಕೂಡುರಸ್ತೆಯಲ್ಲಿ ಒಂದು ಸೂರಃದಿಂದ ಇನ್ನೊಂದಕ್ಕೆ ಜಾರುತ್ತಾನೆ, ಹಿಂದಿನವರು ಲುಕ್ಮಾ ಕೊಡಬೇಕಾಗುತ್ತದೆ. ಎಲ್ಲಿ ಏನು ಹೇಳಲಾಗುತ್ತಿದೆ ಎಂದು ತಿಳಿದವನಿಗೆ ಅಲ್ಲಿ ಒಂದು ಗುರುತಿನ ಕಲ್ಲು ಇರುತ್ತದೆ. ಹಿಫ್ಝ್ ಮಾಡುವವರ ಕಥೆ ಹೀಗಾದರೆ, ದಿನದ ಮಂಝಿಲ್ ಇಲ್ಲದ, ಸಂಜೆ ಒಂದು ತಾಸು ಮಕ್ತಬ್‌ಗೆ ಬರುವ ಮಕ್ಕಳಿಗೆ ಅರ್ಥವನ್ನೂ ಕೊಡದಿದ್ದರೆ ಏನು ಉಳಿಯಬೇಕು? ಹಗ್ಗವೂ ಇಲ್ಲ, ಗೂಟವೂ ಇಲ್ಲ.

ನಮ್ಮ ಭಾಗದ ಮಕ್ಕಳ ಹೊರೆಯನ್ನು ಒಮ್ಮೆ ನೋಡೋಣ. ಮನೆಯಲ್ಲಿ ದಖ್ಖನಿ, ಮಕ್ತಬ್‌ನಲ್ಲಿ ಅರಬಿ ಮತ್ತು ಕಿತಾಬಿನ ಉರ್ದು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್. ಎಷ್ಟೋ ಮಕ್ಕಳು ಹೆತ್ತವರ ಜತೆ ಬೆಂಗಳೂರಿಗೆ, ಮುಂಬಯಿಗೆ ಗುಳೆ ಹೋಗಿ ತಿಂಗಳುಗಳ ನಂತರ ಮರಳುತ್ತಾರೆ. 2009ರ ಕೊನೆಯಲ್ಲಿ ಗುಲ್ಬರ್ಗದಿಂದ ಬೇರ್ಪಟ್ಟು ರಚನೆಯಾದ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 51.83, ರಾಜ್ಯದಲ್ಲೇ ಕನಿಷ್ಠ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ನಮ್ಮದು ಕೊನೆಯ ಸ್ಥಾನ. ಇದಕ್ಕೆ ಬಡತನ, ಶಿಕ್ಷಕರ ಕೊರತೆ ಮುಂತಾದ ಹಲವು ಕಾರಣಗಳಿವೆ. ಆದರೆ ಪ್ರಶ್ನೋತ್ತರದ ಗೈಡ್ ಹಿಡಿದು ಕನ್ನಡ ಪದ್ಯದ ಸಾರಾಂಶವನ್ನು ಉರು ಹೊಡೆಯುವ ಮಗುವೂ ಅರ್ಥವಿಲ್ಲದೆ ದುಆ ಒಪ್ಪಿಸುವ ಮಗುವೂ ಒಂದೇ. ಒಂದು ಕಡೆ ಕಲಿತ ಅಭ್ಯಾಸವೇ ಇನ್ನೊಂದು ಕಡೆಗೂ ಹೋಗುತ್ತದೆ.

ಹಾಗೆಂದು ಹೊರೆಯೆಲ್ಲ ಹೊರೆಯೇ ಅಲ್ಲ. ಶಹಾಪುರ ತಾಲೂಕಿನ ಗೋಗಿಯಲ್ಲಿ ಆದಿಲ್‌ಶಾಹಿಯ ಮೊದಲ ಸುಲ್ತಾನರು ಮಲಗಿದ್ದಾರೆ. ಅವರ ಮುಂಚೆ ಬಹಮನಿಗಳು, ಬಹಳ ನಂತರ 1948ರ ತನಕ ನಿಝಾಮರು. ಆ ಶತಮಾನಗಳ ಕಚೇರಿ, ಕಂದಾಯ, ಪತ್ರವ್ಯವಹಾರಗಳ ಮೂಲಕ ನೂರಾರು ಅರಬಿ ಪದಗಳು ನಮ್ಮ ಕನ್ನಡದೊಳಗೆ ಇಳಿದು ಕನ್ನಡವೇ ಆಗಿಬಿಟ್ಟಿವೆ. ಹೊಲದ ಪಹಣಿಯಲ್ಲಿ ‘ಮಾಲೀಕ’ನ ಹೆಸರಿರುತ್ತದೆ. ಫಾತಿಹಾದಲ್ಲಿ ಪ್ರತಿಫಲ ದಿನದ ‘ಮಾಲಿಕ್’ ಅವನೇ ಎನ್ನುತ್ತೇವೆ. ಅದೇ ಪದ. ಇನಾಮು ಪದ್ಧತಿ ರದ್ದಾಗಿ ದಶಕಗಳು ಕಳೆದರೂ ‘ಇನಾಮ್ ಜಮೀನು’ ಎಂದರೇನೆಂದು ನಮ್ಮ ಹಳ್ಳಿಯ ಅಜ್ಜಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದುಡಿಮೆಯ ಕೂಲಿಯಲ್ಲ, ಕೊಡುವವನು ಮೆಚ್ಚಿ ಕೊಟ್ಟದ್ದು. ಫಾತಿಹಾದ ಕೊನೆಯಲ್ಲಿ ಬರುವ ‘ಅನ್‌ಅಮ್ತ’ ಅದೇ ಧಾತುವಿನದು: ನೀನು ಅನುಗ್ರಹಿಸಿದವರ ಮಾರ್ಗದಲ್ಲಿ ನಮ್ಮನ್ನು ನಡೆಸು ಎಂಬ ಬೇಡಿಕೆ. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖದಲ್ಲಾಗುವ ಬದಲಾವಣೆಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ‘ನಮ್ಮ ಮುತ್ತಜ್ಜನಿಗೆ ಇನಾಮು ಇತ್ತು ಸಾಬ್!’ ಎಂದು ಒಬ್ಬ ಎದ್ದು ನಿಲ್ಲುತ್ತಾನೆ. ಸೂರಃ ಅಲ್ ಅಸ್ರ್‌ನಲ್ಲಿ ‘ಅಮಲ್’ ಇದೆ, ‘ಹಕ್’ ಇದೆ. ಕನ್ನಡದಲ್ಲಿ ಕಾನೂನು ‘ಅಮಲಿಗೆ’ ಬರುತ್ತದೆ, ಅಂದರೆ ಕಾರ್ಯರೂಪಕ್ಕೆ ಬರುತ್ತದೆ. ಅಲ್ಲಿಯೂ ಅಮಲ್ ಎಂದರೆ ಕಾರ್ಯವೇ. ‘ಹಕ್ಕು’ ಎಂದರೆ ನಮಗೆ ಸಲ್ಲಬೇಕಾದದ್ದು, ಅಲ್ಲಿ ಅದು ಸತ್ಯ. ಈ ವ್ಯತ್ಯಾಸವನ್ನು ಉಸ್ತಾದರು ಹೇಳಿಕೊಡಬೇಕು, ಇಲ್ಲದಿದ್ದರೆ ಪದದ ಗೆಳೆತನವೇ ದಾರಿ ತಪ್ಪಿಸುತ್ತದೆ. ವ್ಯತ್ಯಾಸವನ್ನು ಯೋಚಿಸುವುದೂ ನೆನಪಿಗೆ ಲಾಭವೇ.

ಜನಾಝಾದ ದುಆಕ್ಕೆ ಮರಳೋಣ. ಅದರ ಮೊದಲ ಭಾಗ ನಾಲ್ಕು ಜೋಡಿಗಳಲ್ಲಿ ನಿಂತಿದೆ. ನಮ್ಮಲ್ಲಿ ಬದುಕಿರುವವರು, ತೀರಿಹೋದವರು, ಇಲ್ಲಿ ಹಾಜರಿರುವವರು, ಇಲ್ಲದವರು, ಚಿಕ್ಕವರು, ದೊಡ್ಡವರು, ಗಂಡಸರು, ಹೆಂಗಸರು. ಇವರೆಲ್ಲರನ್ನೂ ಕ್ಷಮಿಸೆಂದು ಕೋರಿಕೆ. ‘ಹಯಾತ್’, ‘ಮಯ್ಯತ್’ ನಮ್ಮ ಮನೆಮಾತಿನ ಪದಗಳು. ಹಾಜರಿಲ್ಲದವನಿಗೆ ಅಲ್ಲಿರುವ ‘ಗಾಇಬ್’ ಎಂಬುದು ಸಂತೆಯಲ್ಲಿ ಜೇಬಿನ ದುಡ್ಡು ‘ಗಾಯಬ್’ ಆಯಿತೆನ್ನುವಾಗಿನ ಪದವೇ. ಮಗುವಿಗೆ ಜೋಡಿಗಳನ್ನು ತಿಳಿಸಿ, ಒಂದನ್ನು ನಾವು ಹೇಳಿ ಇನ್ನೊಂದನ್ನು ಅದು ಹೇಳಲಿ. ಆಮೇಲೆ ಕೇಳಿರಿ: ನಮ್ಮ ಮನೆಯಲ್ಲಿ ತೀರಿಹೋದವರು ಯಾರು? ಇಲ್ಲಿ ಹಾಜರಿಲ್ಲದವರು ಯಾರು? ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿರುವ ಅಬ್ಬಾನ ಹೆಸರು ಹೇಳುತ್ತದೆ. ಆ ದುಆ ಒಳಗೆ ಇಳಿಯುವುದು ಆಗಲೇ.

ಮದ್ರಸಗಳಲ್ಲಿ ‘ತಕ್ರಾರ್’ ಎಂಬ ಹಳೆಯ ರೂಢಿಯಿದೆ. ಅರಬಿಯಲ್ಲಿ ಅದರ ಅರ್ಥ ಪುನರಾವರ್ತನೆ. ಉಸ್ತಾದರ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಗುಂಪಾಗಿ ಕುಳಿತು, ಒಬ್ಬನು ಆ ಪಾಠವನ್ನು ತನ್ನ ಮಾತಿನಲ್ಲಿ ಮತ್ತೆ ವಿವರಿಸುತ್ತಾನೆ, ಉಳಿದವರು ತಡೆದು ಪ್ರಶ್ನಿಸುತ್ತಾರೆ. ಈ ಪದವೇ ಕನ್ನಡಕ್ಕೆ ಬಂದು ‘ತಕರಾರು’ ಆಗಿ, ಜಗಳವೆಂಬ ಅರ್ಥ ಪಡೆದಿದೆ. ಮದ್ರಸದ ತಕ್ರಾರ್‌ಗೆ ಸಾಕ್ಷಿಯಾದವರಿಗೆ ಈ ಅರ್ಥ ಬದಲಾವಣೆ ಆಶ್ಚರ್ಯವೆನಿಸದು. ಇದನ್ನು ಮನೆಗೆ ತರಲು ಹೆತ್ತವರು ವಿದ್ಯಾವಂತರಾಗಿರಬೇಕೆಂದಿಲ್ಲ. ಓದು ಬಾರದ ತಾಯಿ ಮಗ್ರಿಬ್ ನಂತರ ಮಗಳನ್ನು ಕೂರಿಸಿಕೊಂಡು, ಇಂದು ಏನು ಕಲಿತೆ, ನನಗೆ ಹೇಳಿಕೊಡು ಎಂದರೆ ಸಾಕು. ಯಾರ ಮೇಲೆ ಕುರ್‌ಆನ್ ಅವತೀರ್ಣವಾಯಿತೋ ಆ ಪ್ರವಾದಿವರ್ಯರೇ(ಸ) ಹ. ಇಬ್ನು ಮಸ್‌ಊದ್‌ರೊಡನೆ(ರ) ನನಗೆ ಓದಿ ಹೇಳು ಎಂದು ಕೇಳಿದ್ದುಂಟು. ಇತರರ ಬಾಯಿಂದ ಕೇಳಲು ನನಗಿಷ್ಟವೆಂದು ಅವರು ಹೇಳಿದರು. ಸೂರಃ ಅನ್ನಿಸಾದ 41ನೆಯ ವಚನ ತಲುಪಿದಾಗ ಸಾಕೆಂದರು, ಅವರ ಕಣ್ಣುಗಳಿಂದ ನೀರು ಹರಿಯುತ್ತಿತ್ತು.

ಮಗಳು ಹೇಳುವಾಗ ತಾಯಿ ತನಗೆ ತಿಳಿಯದ ಕಡೆ ತಡೆದು ಕೇಳಲಿ. ಮಗಳಿಗೂ ತಿಳಿಯದಿದ್ದರೆ ಆ ಪದವನ್ನು ಚೀಟಿಯಲ್ಲಿ ಬರೆದು ನಾಳೆ ಉಸ್ತಾದರ ಬಳಿ ಒಯ್ಯಲಿ. ಉಸ್ತಾದರಿಗೆ ಕನ್ನಡದಲ್ಲಿ ವಿವರಿಸುವುದು ಕಷ್ಟವಾದರೆ, ಕುರ್‌ಆನ್‌ನ ಕನ್ನಡ ಅನುವಾದವೊಂದನ್ನು ಮಕ್ತಬ್‌ನ ಕಪಾಟಿನಲ್ಲಿಡಲು ಜಮಾಅತ್‌ನವರು ಖರ್ಚು ಮಾಡಲಿ. ಮಂಗಳೂರಿನ ಶಾಂತಿ ಪ್ರಕಾಶನದ ಅನುವಾದ ಸುಲಭವಾಗಿ ದೊರೆಯುತ್ತದೆ. ಬೇಸಿಗೆ ರಜೆಯ ದೀನಿಯಾತ್ ತರಗತಿಗಳಲ್ಲಿ ಹತ್ತು ಸೂರಃಗಳ ಪಟ್ಟಿ ಕೊಡುವ ಬದಲು ಮೊದಲ ವಾರಕ್ಕೆ ಅಲ್ ಅಸ್ರ್ ಒಂದೇ ಇರಲಿ. ಮೂರೇ ವಚನಗಳು. ಎರಡು ದಿನ ಉಚ್ಚಾರಣೆಗೆ, ಎರಡು ದಿನ ಅರ್ಥಕ್ಕೆ, ಐದನೆಯ ದಿನ ದೊಡ್ಡ ಮಕ್ಕಳು ಚಿಕ್ಕವರಿಗೆ ವಿವರಿಸಲಿ, ಉಸ್ತಾದರು ಹಿಂದೆ ಕುಳಿತು ಕೇಳಲಿ.